ಹೊಳೆದಂಡೆಯ ಹಾಡುಹಕ್ಕಿಗಳ ಫೋಟೊ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀರಂಗಪಟ್ಟಣದ ಆಸುಪಾಸಿನ ಕಾವೇರಿ ದಂಡೆಯಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತ ಹನ್ನೊಂದು ವರ್ಷ ಆಯ್ತು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಕೇಳುತ್ತಾರೆ, ಕಾಗದ ಬರೆದು ಕೇಳುತ್ತಾರೆ, ಹೊಳೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತಲೆ ತಿನ್ನುವವು.

## ಶುರು ಮಾಡುವವರಿಗೆ

ಹಾಡುಹಕ್ಕಿ ಅಂದ್ರೆ ಕೋಗಿಲೆ ತಾನೇ?

ಅಲ್ಲ! ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನು ಒಂಥರಾ ನೋಡುತ್ತಾರೆ. ಹಕ್ಕಿ ಶಾಸ್ತ್ರದ ಲೆಕ್ಕದಲ್ಲಿ ಕೋಗಿಲೆ ಹಾಡುಹಕ್ಕಿ ಅಲ್ಲ, ಕಾಗೆ ಹಾಡುಹಕ್ಕಿ. ಈ ಗುಂಪನ್ನು ಮಾಡಿರುವುದು ಇಂಪು ನೋಡಿ ಅಲ್ಲ, ದನಿ ಹೊರಡಿಸುವ ಅಂಗ ನೋಡಿ. ಹಕ್ಕಿಗೆ ಆ ಅಂಗ ಇರುವುದು ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಹಾಡುಹಕ್ಕಿಗಳಲ್ಲಿ ಅದಕ್ಕೆ ಸಣ್ಣ ಸಣ್ಣ ಸ್ನಾಯುಗಳು ಜಾಸ್ತಿ. ಎಡಬಲ ಎರಡು ಕಡೆಯಿಂದಲೂ ಬೇರೆ ಬೇರೆ ಸ್ವರ ಹೊರಡಿಸಬಲ್ಲವು. ನಮ್ಮ ಹೊಳೆದಂಡೆಯಲ್ಲಿ ಕಪ್ಪು ಬಿಳಿಯ ಮಡಿವಾಳ, ಪಿಕಳಾರ (ಬುಲ್‌ಬುಲ್), ಬಾಲ ಕುಣಿಸುವ ಕುಂಡೆಕುಸ್ಕ, ಸೂರಕ್ಕಿ, ಗೀಜಗ, ಕರಿ ಕಾಜಾಣ, ಹೊನ್ನಕ್ಕಿ, ಕವಲುತೋಕೆ, ಉದ್ದ ಬಾಲದ ರಾಜಹಕ್ಕಿ ಎಲ್ಲ ಈ ಗುಂಪಿನವೇ. ಮಿಂಚುಳ್ಳಿ ಎಷ್ಟೇ ಚೆಂದ ಇದ್ದರೂ ಇದರಲ್ಲಿ ಬರುವುದಿಲ್ಲ, ಗಿಣಿಯೂ ಅಷ್ಟೇ.

ರಂಗನತಿಟ್ಟಿಗೆ ಹೋದ್ರೆ ಇವೆಲ್ಲ ಸಿಗ್ತವಾ?

ಸಿಗುತ್ತವೆ, ಆದರೆ ಜನ ಹುಡುಕುವ ಕಡೆ ಅಲ್ಲ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿನ ಹೆಸರೆಲ್ಲ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆಯಂಥ ದೊಡ್ಡ ನೀರಹಕ್ಕಿಗಳದ್ದು. ಎಲ್ಲರೂ ದೋಣಿಗೆ ಓಡುತ್ತಾರೆ. ನಾನು ದೋಣಿ ಹತ್ತದೆ ದಡದ ಮರಗಳ ಕೆಳಗೆ ಕೂರುತ್ತೇನೆ. ಅಲ್ಲಿ ಹೋಗಲು ಆಗದಿದ್ದರೂ ಚಿಂತೆ ಇಲ್ಲ. ಸಂಗಮದ ಕಡೆಯ ದಂಡೆ, ಕರಿಘಟ್ಟದ ಕೆಳಗೆ ಲೋಕಪಾವನಿ ಹರಿಯುವ ಜಾಗ, ಭತ್ತದ ಗದ್ದೆಗೆ ನೀರು ಹಾಯಿಸುವ ಯಾವುದೋ ನಾಲೆಯ ಏರಿ, ಎಲ್ಲ ಕಡೆ ಹಾಡುಹಕ್ಕಿ ಇವೆ. ಹೊಳೆಮತ್ತಿ, ಹೊಂಗೆ, ಅತ್ತಿ, ಬಿದಿರು ಇರುವ ದಡ ನೋಡಿಕೊಳ್ಳಿ. ಅತ್ತಿ ಹಣ್ಣಾದ ವಾರ ಆ ಒಂದು ಮರ ಬಿಟ್ಟು ಎಲ್ಲಿಗೂ ಹೋಗಬೇಡಿ.

ಇದಕ್ಕೆ ಲಕ್ಷಗಟ್ಟಲೆ ಲೆನ್ಸ್ ಬೇಕಲ್ವಾ? ನನ್ನ ಹತ್ರ ಬರೀ 70-300 ಇದೆ.

ಮೊದಲ ನಾಲ್ಕು ವರ್ಷ ನನ್ನ ಹತ್ತಿರ ಇದ್ದದ್ದೂ ಅದೇ. ಚಿಕ್ಕ ಸೆನ್ಸರಿನ ನಿಕಾನ್, ಸೋನಿ ಕ್ಯಾಮೆರಾಗೆ 300 ಮಿ.ಮೀ. ಲೆನ್ಸ್ ಹಾಕಿದರೆ ಕಾಣುವ ನೋಟ 450 ಮಿ.ಮೀ. ಲೆನ್ಸಿನಷ್ಟಾಗುತ್ತದೆ, ಕ್ಯಾನನ್ ಆದರೆ 480. ದಂಡೆಯಲ್ಲಿ ತಾಳ್ಮೆಯಿಂದ ಕೂತವರಿಗೆ ಇಷ್ಟು ಸಾಕು. 150-600 ಲೆನ್ಸ್ ಬಂದ ಮೇಲೆ ನನ್ನ ಫೋಟೊ ಸುಧಾರಿಸಿತಾ ಅಂತ ಕೇಳಿದರೆ, ಸುಧಾರಿಸಿತು, ನಿಜ. ಜೊತೆಗೆ ದೂರದಿಂದಲೇ ಒತ್ತಿಬಿಡುವ ಸೋಮಾರಿತನವೂ ಬಂತು. ಎರಡು ಕಿಲೋ ತೂಕ ಹೆಗಲ ಮೇಲೆ ಬೇರೆ. ದುಡ್ಡಿದ್ದರೆ ಕೊಳ್ಳಿ, ಸಾಲ ಮಾಡಿ ಕೊಳ್ಳಬೇಡಿ.

ಮೊಬೈಲಲ್ಲಿ ಆಗಲ್ವಾ?

ದುರ್ಬೀನಿನ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದರೆ ಯಾವ ಹಕ್ಕಿ ಅಂತ ಗುರುತು ಹಿಡಿಯುವಷ್ಟು ಬರುತ್ತದೆ. ಗೋಡೆಗೆ ಹಾಕುವಷ್ಟು ಬರುವುದಿಲ್ಲ.

ಯಾವ ತಿಂಗಳು ಹೋಗ್ಬೇಕು? ಎಷ್ಟು ಗಂಟೆಗೆ?

ನಿಮಗೆ ಏನು ಬೇಕು ಅನ್ನುವುದರ ಮೇಲೆ. ಸೆಪ್ಟೆಂಬರ್ ಕೊನೆಗೆ ಬೂದು ಕುಂಡೆಕುಸ್ಕ ಹಿಮಾಲಯದ ಕಡೆಯಿಂದ ಇಳಿಯಲು ಶುರುಮಾಡುತ್ತದೆ, ಏಪ್ರಿಲ್ ಹೊತ್ತಿಗೆ ವಾಪಸ್. ಹೊಟ್ಟೆ ಹಳದಿ, ಬೆನ್ನು ಬೂದಿ, ಬಾಲ ಮೈಗಿಂತ ಉದ್ದ ಅನ್ನಿಸುವಷ್ಟು. ಬಂಡೆಗಳ ನಡುವೆ ಹರಿಯುವ ನೀರು ಅದಕ್ಕೆ ಇಷ್ಟ. ರಾಜಹಕ್ಕಿಯೂ ನಮ್ಮ ಕಡೆ ಚಳಿಗಾಲದಲ್ಲೇ ಜಾಸ್ತಿ ಕಾಣುತ್ತದೆ. ಹಾಡು ಬೇಕು ಅಂದರೆ ಮಾರ್ಚಿಯಿಂದ ಜೂನ್. ಮಡಿವಾಳದ ಗಂಡು ಆಗ ಬೆಳಕು ಹರಿಯುವ ಮುಂಚೆಯೇ ತೆಂಗಿನ ಗರಿಯ ತುದಿಗೋ ಲೈಟು ಕಂಬಕ್ಕೋ ಏರಿ ಶುರುಮಾಡುತ್ತದೆ. ಅದೇ ಹಕ್ಕಿ ಡಿಸೆಂಬರಿನಲ್ಲಿ ಪೊದೆಯೊಳಗೆ ಗೊರಗೊರ ಅನ್ನುತ್ತ ಕೂತಿರುತ್ತದೆ, ನೋಡಿದರೆ ಇದೇನಾ ಅದು ಅನ್ನಿಸಬೇಕು. ಮಳೆ ಹಿಡಿದ ಮೇಲೆ ಗೀಜಗದ ಕಾಲ. ಗಂಡಿನ ತಲೆ ಹಳದಿಯಾಗುತ್ತದೆ, ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಗೂಡು ನೇಯುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ನಾನು ಆರಕ್ಕೇ ಜಾಗದಲ್ಲಿ ಕೂತಿರುತ್ತೇನೆ. ಒಂಬತ್ತಕ್ಕೆ ಎದ್ದು ಟಿಫನ್ನಿಗೆ. ಮತ್ತೆ ನಾಲ್ಕರ ಮೇಲೆ.

## ಹಕ್ಕಿಯ ಹತ್ತಿರ ಹೋಗುವುದು

ನಾನು ಹತ್ತಿರ ಹೋದ ತಕ್ಷಣ ಹಾರಿಹೋಗ್ತವೆ. ನೀವು ಅದೇನು ಮಾಡ್ತೀರಿ?

ನಾನು ಹತ್ತಿರ ಹೋಗುವುದೇ ಇಲ್ಲ. ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಹೊಳೆಯ ಹಕ್ಕಿಗೆ ದಿನಚರಿ ಇದೆ. ನೀರು ಕುಡಿಯಲು, ಮೀಯಲು, ನೊಣ ಹಿಡಿಯಲು ದಿನಾ ಹೆಚ್ಚುಕಮ್ಮಿ ಅದೇ ಕಲ್ಲು, ಅದೇ ಕೊಂಬೆ. ಎರಡು ದಿನ ಕ್ಯಾಮೆರಾ ಬ್ಯಾಗಿನಲ್ಲೇ ಬಿಟ್ಟು ಬರೀ ನೋಡಿ. ಯಾವ ಕಲ್ಲಿನ ಮೇಲೆ ಬಿಳಿ ಹಿಕ್ಕೆ ಜಾಸ್ತಿ ಇದೆ ನೋಡಿ. ಮೂರನೇ ದಿನ ಹಕ್ಕಿ ಬರುವ ಮುಂಚೆ ಅಲ್ಲಿಂದ ಹತ್ತು ಹನ್ನೆರಡು ಮೀಟರ್ ದೂರದಲ್ಲಿ ನೆಲಕ್ಕೆ ಕೂತುಬಿಡಿ. ಬಟ್ಟೆ ಮಾಸಲು ಬಣ್ಣದ್ದಾದರೆ ಸಾಕು, ಮಿಲಿಟರಿ ಬಟ್ಟೆ ಏನೂ ಬೇಡ. ಜರಜರ ಸದ್ದು ಮಾಡುವ ಪ್ಲಾಸ್ಟಿಕ್ ಜಾಕೆಟ್ ಮಾತ್ರ ಹಾಕಬೇಡಿ.

ಒಮ್ಮೆ ಒಗೆಯುವ ಕಲ್ಲುಗಳ ಪಕ್ಕ ಹೀಗೆ ಕೂತಿದ್ದೆ. ಬಟ್ಟೆ ಒಗೆದವರು ಆಗಷ್ಟೇ ಹೋಗಿದ್ದರು, ಕಲ್ಲಿನ ಮೇಲೆ ಸೋಪಿನ ನೊರೆ ಇನ್ನೂ ಚಿಟಚಿಟ ಅನ್ನುತ್ತಿತ್ತು. ಬಿಳಿಹುಬ್ಬಿನ ಕುಂಡೆಕುಸ್ಕ ಬಂತು. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಬಾಲ ಕುಣಿಸುವುದು, ಮತ್ತೆ ಓಡುವುದು. ನೊರೆಯ ಅಂಚಿಗೆ ಬಂದ ಗುಂಗಾಡನ್ನು ಎಗರಿ ಹಿಡಿಯಿತು. ಅಲ್ಲಿಂದ ನನ್ನ ಕಡೆಗೇ ತಿರುಗಿತು. ಹತ್ತು ಮೀಟರ್, ಐದು, ಮೂರು. ಕೊನೆಗೆ ಲೆನ್ಸ್ ಫೋಕಸ್ ಮಾಡಲಾಗದಷ್ಟು ಹತ್ತಿರ ಬಂದು ನನ್ನ ಚಪ್ಪಲಿಯ ಪಕ್ಕದಲ್ಲಿ ಏನನ್ನೋ ಹೆಕ್ಕಿತು. ಅದರ ಕಣ್ಣಿನ ಮೇಲಿನ ಬಿಳಿ ಗೆರೆಯಲ್ಲಿ ಒಂದು ಪುಕ್ಕ ಒದ್ದೆಯಾಗಿ ಎದ್ದು ನಿಂತಿತ್ತು. ಫೋಟೊ ಸಿಗಲಿಲ್ಲ. ನಾನು ಉಸಿರು ಹಿಡಿದು ಕೂತಿದ್ದೆ, ಅಷ್ಟೇ.

ಬಾಲ ಉದ್ದ ಇರೋ ಬಿಳಿ ಹಕ್ಕಿ ನೋಡಿದೆ. ಜೊತೆಗೆ ಅಂಥದ್ದೇ ಕಂದು ಬಣ್ಣದ್ದೂ ಇತ್ತು. ಗಂಡ ಹೆಂಡತಿನಾ?

ಕಂದು ಹಕ್ಕಿಗೂ ರಿಬ್ಬನ್ನಿನಂಥ ಬಾಲ ಇತ್ತಾ? ಹಾಗಿದ್ದರೆ ಎರಡೂ ಗಂಡೇ. ಅದು ರಾಜಹಕ್ಕಿ. ಹೆಣ್ಣು ಕಂದು, ಬಾಲ ಗಿಡ್ಡ. ಗಂಡು ಮರಿಯೂ ಮೊದಲು ನೋಡಲು ಹೆಣ್ಣಿನ ಹಾಗೇ ಇರುತ್ತದೆ. ಆಮೇಲೆ ಬಾಲದ ನಡುವಿನ ಎರಡು ಗರಿ ಉದ್ದ ಬೆಳೆಯುತ್ತವೆ. ಮೈ ಬೆಳ್ಳಗಾಗುವುದು ಇನ್ನೂ ತಡ, ಎರಡು ಮೂರು ವರ್ಷ ಬೇಕು. ತಲೆ ಮಾತ್ರ ಯಾವಾಗಲೂ ಮಿರಿಮಿರಿ ಕಪ್ಪು. ಎಲ್ಲರೂ ಬಿಳಿ ಗಂಡಿಗೇ ಹಂಬಲಿಸುತ್ತಾರೆ. ನನಗೆ ಬಿದಿರಿನ ನೆರಳಲ್ಲಿ ಕಂದು ಗಂಡೇ ಹೆಚ್ಚು ಇಷ್ಟ, ಆ ಬಣ್ಣ ದಾಲ್ಚಿನ್ನಿ ಚಕ್ಕೆಯ ಹಾಗೆ.

ಮೇಡಂ, ಒಬ್ರೇ ಹೊಳೆ ಹತ್ರ ಹೋಗ್ತೀರಲ್ಲ, ಹೆದ್ರಿಕೆ ಆಗಲ್ವಾ?

ಆಗುತ್ತದೆ, ಆಗಬೇಕು ಕೂಡ. ಮೊದಲನೆಯದು ನೀರು. ಕನ್ನಂಬಾಡಿಯಲ್ಲಿ ಗೇಟು ಎತ್ತಿದರೆ ಕೆಳಗೆ ಬಂಡೆಗಳು ನೋಡನೋಡುತ್ತ ಮುಳುಗುತ್ತವೆ. ಮಳೆಗಾಲದಲ್ಲಿ ನದಿ ನಡುವಿನ ಬಂಡೆಗೆ ನಾನು ಹೋಗುವುದೇ ಇಲ್ಲ. ಇಲ್ಲಿ ಮಳೆ ಇಲ್ಲದಿದ್ದರೂ ಕೊಡಗಿನಲ್ಲಿ ಹೇಗಿದೆ ಅಂತ ಹಿಂದಿನ ದಿನವೇ ಪೇಪರು ನೋಡುತ್ತೇನೆ. ಎರಡನೆಯದು ಮೊಸಳೆ. ಕಾವೇರಿಯಲ್ಲಿ ಇವೆ, ಕಲ್ಲಿನ ಹಾಗೇ ಮಲಗಿರುತ್ತವೆ. ನೀರಿನ ಅಂಚಿನಲ್ಲಿ ಬೋರಲು ಮಲಗಿ ಫೋಟೊ ತೆಗೆಯುವ ಹುಚ್ಚು ಇಲ್ಲಿ ಬೇಡ. ಮೂರನೆಯದು, ಭೀಮೇಶ್ವರಿ, ಮುತ್ತತ್ತಿ ಕಡೆ ಹೋದರೆ ಆನೆ. ಅದು ಕಾವೇರಿ ವನ್ಯಧಾಮದ ಜಾಗ, ಸಂಜೆ ಆನೆಗಳು ನೀರಿಗೆ ಇಳಿಯುತ್ತವೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ, ಅವರು ಹೇಳಿದ ಹೊತ್ತು, ಅವರು ಹೇಳಿದ ದಾರಿ. ವಾದ ಬೇಡ.

ಜನರ ವಿಷಯ ಕೇಳುತ್ತಿದ್ದೀರಿ ಅಂತ ಗೊತ್ತು. ಬಟ್ಟೆ ಒಗೆಯುವ ಹೆಂಗಸರ ಪರಿಚಯ ಮಾಡಿಕೊಳ್ಳಿ. ಅವರಿಗಿಂತ ದೊಡ್ಡ ಕಾವಲು ಇಲ್ಲ, ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತಲೂ ಅವರಿಗೇ ಗೊತ್ತು.

ಮೊಬೈಲಲ್ಲಿ ಅದರ ಕೂಗು ಹಾಕಿದ್ರೆ ತಾನಾಗೇ ಬರುತ್ತಂತೆ?

ಬರುತ್ತದೆ, ಜಗಳಕ್ಕೆ ಬರುತ್ತದೆ. ಗಂಡು ಹಕ್ಕಿ ಹಾಡುವುದೇ ಇದು ನನ್ನ ಜಾಗ ಅಂತ ಹೇಳಲು. ಅಲ್ಲಿ ಇನ್ನೊಂದು ಗಂಡಿನ ದನಿ ಕೇಳಿದರೆ ಮೇವು ಬಿಟ್ಟು, ಹೆಣ್ಣು ಬಿಟ್ಟು, ಆ ದನಿಯ ಹಿಂದೆ ಬೀಳುತ್ತದೆ. ಒಂದು ಏಪ್ರಿಲ್ ಬೆಳಿಗ್ಗೆ ಯಾರೋ ಮೂರು ಹುಡುಗರು ಹೊಂಗೆ ಬುಡದಲ್ಲಿ ಸ್ಪೀಕರ್ ಇಟ್ಟಿದ್ದರು. ಮಡಿವಾಳದ ಗಂಡು ಇಪ್ಪತ್ತು ನಿಮಿಷ ಬಾಲ ಬಿಚ್ಚಿ, ಎದೆ ಉಬ್ಬಿಸಿ, ಕೊಂಬೆಯಿಂದ ಕೊಂಬೆಗೆ ಹಾರುತ್ತ ಆ ಡಬ್ಬದ ಜೊತೆ ಹೋರಾಡಿತು. ಕೊನೆಗೆ ಬಾಯಿ ತೆರೆದು ಏದುಸಿರು ಬಿಡುತ್ತ ಕೂತಿತು. ಆ ಹುಡುಗರಿಗೆ ಒಳ್ಳೆಯ ಫೋಟೊ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಕೂಗು ಕೇಳಿ ಯಾವ ಹಕ್ಕಿ ಅಂತ ತಿಳಿಯಲು ಮರ್ಲಿನ್ ಆ್ಯಪ್ ಬಳಸಿ, ತುಂಬ ಉಪಯೋಗ. ಅದರಲ್ಲಿರುವ ಕೂಗನ್ನು ಮನೆಯಲ್ಲಿ ಕೂತು ಕಲಿಯಿರಿ, ಹೊಳೆದಂಡೆಯಲ್ಲಿ ಹಾಕಬೇಡಿ.

ಗೂಡಿನ ಹತ್ರ ಕಾಯ್ದರೆ ಸುಲಭ ಅಲ್ವಾ?

ಸುಲಭವೇ, ಅದಕ್ಕೇ ಬೇಡ. ರಾಜಹಕ್ಕಿ ತೆಳುವಾದ ಕೊಂಬೆಯ ತುದಿಯಲ್ಲಿ ಜೇಡರ ಬಲೆಯಿಂದ ಹೆಣೆದು ಪುಟ್ಟ ಬಟ್ಟಲು ಕಟ್ಟುತ್ತದೆ, ಎಷ್ಟೋ ಸಲ ನಮ್ಮ ಕೈಗೆ ಸಿಗುವ ಎತ್ತರದಲ್ಲಿ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. ಬೆಳಕಿಗೆ ಅಡ್ಡ ಅಂತ ನೀವು ಎರಡು ಎಲೆ ಸರಿಸಿದರೆ ಕಾಗೆಗೆ ದಾರಿ ತೋರಿಸಿದ ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕಕ್ಕೇ ಹಾಕಿದೆ. ಅನೇಕ ಸ್ಪರ್ಧೆಗಳು ಗೂಡಿನ ಫೋಟೊ ತೆಗೆದುಕೊಳ್ಳುವುದೂ ಇಲ್ಲ. ಗೀಜಗ ಒಂದಕ್ಕೆ ಸ್ವಲ್ಪ ಸಡಿಲ ಕೊಡುತ್ತೇನೆ. ಅದು ಹತ್ತಾರು ಗೂಡುಗಳ ಕೇರಿ, ನೀರಿನ ಆ ಕಡೆ ನೇತಾಡುತ್ತಿರುತ್ತದೆ. ಈ ದಡದಿಂದ ಗಂಡು ಹುಲ್ಲಿನ ಎಳೆ ತರುವುದನ್ನು, ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಬಂದು ಪರೀಕ್ಷೆ ಮಾಡುವುದನ್ನು ತೆಗೆದರೆ ಯಾರಿಗೂ ತೊಂದರೆ ಇಲ್ಲ. ಜಾಗದ ಹೆಸರು ಮಾತ್ರ ಎಲ್ಲರಿಗೂ ಹಂಚಬೇಡಿ.

## ಕ್ಯಾಮೆರಾ ಹಿಡಿದ ಮೇಲೆ

ನಿಮ್ಮ ಫೋಟೊದಲ್ಲಿ ಹಿಂದೆ ಬೆಣ್ಣೆ ಸವರಿದ ಹಾಗಿರುತ್ತಲ್ಲ, ಅದು ಎಡಿಟಿಂಗಾ?

ಅದು ಹೊಳೆಯ ಪುಣ್ಯ. ಹಕ್ಕಿ ಈ ದಡದಲ್ಲಿ, ಅದರ ಹಿಂದೆ ಇರುವುದು ಆ ದಡದ ಕಬ್ಬಿನ ಗದ್ದೆ, ನಡುವೆ ನೂರು ಮೀಟರ್ ನೀರು. ಅಷ್ಟು ದೂರ ಇರುವುದೆಲ್ಲ ಕರಗಿ ಬರೀ ಬಣ್ಣ ಆಗಿಬಿಡುತ್ತದೆ. ತೋಟದಲ್ಲಿ ಸಾವಿರ ರೂಪಾಯಿ ಕೊಟ್ಟರೂ ಇದು ಸಿಗದು. ಇನ್ನೊಂದು ಗುಟ್ಟು: ಶ್ರೀರಂಗಪಟ್ಟಣದ ಸುತ್ತ ನದಿ ಹೆಚ್ಚುಕಮ್ಮಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ದಡದಲ್ಲಿ ಉತ್ತರಕ್ಕೆ ಮುಖ ಮಾಡಿ ಕೂತರೆ ಬೆಳಕು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ.

ಟ್ರೈಪಾಡ್ ಬೇಕೇ ಬೇಕಾ?

ನಾನು ಬಳಸುವುದು ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲ, ಒಳಗೆ ಮೂರು ಸೇರು ರಾಗಿ. ಕಲ್ಲಿನ ಮೇಲಿಟ್ಟರೆ ಲೆನ್ಸ್ ಅಲುಗದೆ ಕೂರುತ್ತದೆ, ಹಕ್ಕಿಯ ಕಣ್ಣಿನ ಮಟ್ಟಕ್ಕೇ ಇಳಿಯುತ್ತದೆ. ಒಮ್ಮೆ ನೆನೆದ ಚೀಲವನ್ನು ಕಾರಿನಲ್ಲೇ ಮರೆತಿದ್ದೆ. ನಾಲ್ಕನೇ ದಿನ ತೆಗೆದರೆ ಹೊಲಿಗೆಯ ಸಂದಿನಿಂದ ಮೊಳಕೆ ಇಣುಕುತ್ತಿತ್ತು! ಅಂದಿನಿಂದ ರಾಗಿಯನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಚೀಲಕ್ಕೆ.

ಬಿಳಿ ರಾಜಹಕ್ಕಿ ಸುಣ್ಣ ಬಳಿದ ಹಾಗೆ ಬರುತ್ತೆ, ಕಾಜಾಣ ಇದ್ದಿಲ ತುಂಡಿನ ಹಾಗೆ. ನನ್ನ ಕ್ಯಾಮೆರಾ ಸರಿ ಇಲ್ವಾ?

ಕ್ಯಾಮೆರಾ ಸರಿಯಾಗೇ ಇದೆ, ಅದಕ್ಕೆ ಹಕ್ಕಿ ಗೊತ್ತಿಲ್ಲ ಅಷ್ಟೇ. ಅದು ಇಡೀ ಚೌಕಟ್ಟನ್ನು ಸರಾಸರಿ ನೋಡುತ್ತದೆ. ಬಿದಿರು ಮೆಳೆಯ ಕತ್ತಲಲ್ಲಿ ಒಂದು ಚೂರು ಬಿಳಿ ಇದ್ದರೆ ಕತ್ತಲನ್ನೇ ಬೆಳಗಿಸಲು ಹೋಗಿ ಬಿಳಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿ, ಬಿಸಿಲು ಬಿದ್ದಿದ್ದರೆ ಇನ್ನೂ ಸ್ವಲ್ಪ. ಆಕಾಶದ ಎದುರು ತಂತಿಯ ಮೇಲೆ ಕೂತ ಕಾಜಾಣಕ್ಕೆ ಇದರ ಉಲ್ಟಾ, ಒಂದರಿಂದ ಎರಡು ಸ್ಟಾಪ್ ಜಾಸ್ತಿ. ಕಪ್ಪೂ ಬಿಳಿಯೂ ಎರಡೂ ಇರುವ ಮಡಿವಾಳ, ಕುಂಡೆಕುಸ್ಕಗಳಿಗೆ ಬಿಳಿಯನ್ನು ಕಾಪಾಡಿ, ಕಪ್ಪನ್ನು ಆಮೇಲೆ ಎತ್ತಬಹುದು. ಇದಕ್ಕೇ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ಫೈಲಿನಲ್ಲಿ, ತೆಗೆಯಿರಿ ಅನ್ನುವುದು. ಮೋಡ ಮುಸುಕಿದ ದಿನ ಇಷ್ಟೆಲ್ಲ ತಲೆಬಿಸಿ ಇಲ್ಲ.

ಶಟರ್ ಸ್ಪೀಡ್ ಎಷ್ಟಿಡ್ಬೇಕು, ಒಂದೇ ನಂಬರ್ ಹೇಳಿ.

ಒಂದೇ ಅಂದರೆ 1/1000, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಬಿಡಿ. ಹಾಡುತ್ತ ಕೂತ ಹಕ್ಕಿಗೆ 1/500 ಸಾಕು, ಮೀಯುವಾಗ 1/2000. ಕವಲುತೋಕೆ ನೀರು ಸವರಿಕೊಂಡು ಹಾರುವಾಗ 1/3200 ಇಟ್ಟರೂ ಹತ್ತಕ್ಕೆ ಒಂಬತ್ತು ಫೋಟೊ ಕಸದ ಬುಟ್ಟಿಗೆ.

ಸಾಲ ಮಾಡಿ ದೊಡ್ಡ ಲೆನ್ಸ್ ತಗೊಂಡೆ. ದೂರದ ಹಕ್ಕಿ ಇನ್ನೂ ಮೆತ್ತಗೇ ಬರುತ್ತೆ!

ಬೇಡ ಅಂದೆನಲ್ಲ. ಸರಿ, ಎಷ್ಟು ಹೊತ್ತಿಗೆ ತೆಗೆದದ್ದು? ಒಂಬತ್ತೂವರೆ ಆದ ಮೇಲೆ ಮರಳು, ಬಂಡೆ ಕಾದು ಅದರ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ. ರಸ್ತೆಯಲ್ಲಿ ಬಿಸಿಲುಗುದುರೆ ನೋಡಿಲ್ವಾ, ಅದೇ. ಐವತ್ತು ಮೀಟರ್ ಆಚೆಯ ಹಕ್ಕಿಯ ಪುಕ್ಕ ಆ ಗಾಳಿಯಲ್ಲಿ ಕಲಸಿಹೋಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಬೇಗ ಹೋಗಬೇಕು, ಇಲ್ಲವೇ ಹತ್ತಿರದಿಂದ ತೆಗೆಯಬೇಕು. ನನಗೂ ಇದು ಗೊತ್ತಿಲ್ಲದೆ ಲೆನ್ಸನ್ನು ರಿಪೇರಿಗೆ ಕೊಟ್ಟಿದ್ದೆ. ಮೂರು ವಾರ ಇಟ್ಟುಕೊಂಡು, ದುಡ್ಡು ತೆಗೆದುಕೊಂಡು, ಏನೂ ತೊಂದರೆ ಇಲ್ಲ ಅಂತ ವಾಪಸ್ ಕೊಟ್ಟರು.

ಮಳೆಗಾಲ ಮುಗಿಯೋ ಹೊತ್ತಿಗೆ ಲೆನ್ಸ್ ಒಳಗೆ ಜೇಡರ ಬಲೆ ಥರ ಬಂದಿದೆ.

ಫಂಗಸ್. ಹೊಳೆಯಿಂದ ಬಂದ ಒದ್ದೆ ಬ್ಯಾಗನ್ನು ಹಾಗೇ ಮುಚ್ಚಿಟ್ಟರೆ ಬರುತ್ತದೆ. ಗಾಳಿಯಾಡದ ಅಡುಗೆಮನೆ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಅದರೊಳಗೆ ಲೆನ್ಸ್ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಅಕ್ಕಿ ಡಬ್ಬದಲ್ಲಿ ಹೂತಿಡುವುದು ಬೇಡ, ಹೊಟ್ಟಿನ ಪುಡಿ ಒಳಗೆ ಹೋಗುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ರಾಜಹಕ್ಕಿ ಸ್ನಾನ ಮಾಡೋದನ್ನ ತೆಗೀಬೇಕು ಅಂತ ಮೂರು ವರ್ಷದ ಆಸೆ. ಹೇಗೆ?

ದೊಡ್ಡ ಹರಿವಿನ ಕಡೆ ನೋಡಬೇಡಿ. ನದಿಯಿಂದ ಬೇರೆಯಾಗಿ ನಿಂತ, ನೆರಳಿರುವ, ಮೇಲೆ ಒಂದು ಕೊಂಬೆ ಬಾಗಿರುವ ಸಣ್ಣ ಗುಂಡಿ ಹುಡುಕಿ. ಮಧ್ಯಾಹ್ನ ಮೂರೂವರೆಗೇ ಕೂತುಬಿಡಿ. ಪಿಕಳಾರ ಮೊದಲು ಬರುತ್ತದೆ, ಅಂಚಿನಲ್ಲಿ ನಿಂತು ರೆಕ್ಕೆ ಬಡಿದು ಮೀಯುತ್ತದೆ. ಅವು ಗಲಾಟೆ ಮಾಡುತ್ತ ಇದ್ದರೆ ಬೇರೆಯವಕ್ಕೂ ಧೈರ್ಯ. ರಾಜಹಕ್ಕಿ ಅಂಚಿನಲ್ಲಿ ನಿಲ್ಲುವುದಿಲ್ಲ. ಕೊಂಬೆಯಿಂದ ನೇರ ನೀರಿಗೆ ಧುಮುಕಿ, ಮುಟ್ಟಿ, ಮತ್ತೆ ಅದೇ ಕೊಂಬೆಗೆ ಬರುತ್ತದೆ. ಆ ಬಿಳಿ ಬಾಲ ನೀರಿನ ಮೇಲೆ ಬರೆದ ಹಾಗೆ ಒಂದು ಸುತ್ತು ಹೊಡೆಯುತ್ತದೆ. ಇದು ನಾಲ್ಕೈದು ಸಲ.

ಮೊದಲ ಧುಮುಕಿಗೆ ಕ್ಯಾಮೆರಾ ಎತ್ತಬೇಡಿ, ನೋಡಿಕೊಳ್ಳಿ. ನೀರನ್ನು ಮುಟ್ಟುವ ಜಾಗ ಪ್ರತಿ ಸಲ ಒಂದೆರಡು ಅಡಿಯೊಳಗೇ ಇರುತ್ತದೆ. ಅಲ್ಲಿ ತೇಲುವ ಎಲೆಗೆ ಫೋಕಸ್ ಮಾಡಿ ಬೀಗ ಹಾಕಿ. ಲೆನ್ಸಿನ ಕಿಂಡಿ ಎಫ್/8ಕ್ಕೆ ಇಡಿ, ಸ್ವಲ್ಪ ಹಿಂದೆ ಮುಂದೆ ಆದರೂ ತೊಂದರೆ ಇಲ್ಲ. ಐಎಸ್‌ಒ 6400ಕ್ಕೆ ಏರಿದರೂ ಹೆದರಬೇಡಿ, ಆ ಕಾಳುಕಾಳನ್ನು ಈಗ ಸಾಫ್ಟ್‌ವೇರು ತೆಗೆಯುತ್ತದೆ. ಚೌಕಟ್ಟಿನಲ್ಲಿ ಬಾಲಕ್ಕೆ ಜಾಗ ಬಿಡಿ! ನನ್ನ ಹತ್ತಿರ ಬಾಲ ತುಂಡಾದ ರಾಜಹಕ್ಕಿ ಫೋಟೊಗಳ ಒಂದು ಫೋಲ್ಡರೇ ಇದೆ. ಧುಮುಕುವುದು ಕೈತಪ್ಪಿದರೆ ಎದ್ದು ಹೋಗಬೇಡಿ, ಮಿಂದ ಮೇಲೆ ಹತ್ತು ನಿಮಿಷ ಕೊಂಬೆಯಲ್ಲಿ ಪುಕ್ಕ ತೀಡುತ್ತದೆ.

ಗಣೇಶಗುಡಿಯಲ್ಲಿ ತೊಟ್ಟಿ ಇಟ್ಟು ಹಕ್ಕಿ ಬರಿಸ್ತಾರಲ್ಲ, ಆ ಫೋಟೊ ಮೋಸ ಅಲ್ವಾ?

ಕಾಳಿ ನದಿಯ ಹತ್ತಿರದ ಓಲ್ಡ್ ಮ್ಯಾಗಝಿನ್ ಹೌಸ್ ತಂಗುದಾಣದ ವಿಷಯ ತಾನೇ? ಅಲ್ಲಿ ಕಾಡಿನಂಚಿನಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿ ಇದೆ, ಜನ ಮರೆಯಲ್ಲಿ ಕೂತು ತೆಗೆಯುತ್ತಾರೆ. ನೀರಿಗೆ ಬರುವ ಹಕ್ಕಿ ಕಾಡಿನದ್ದೇ, ಅದರ ಹಿಂದೆ ಯಾರೂ ಓಡುತ್ತಿಲ್ಲ. ಮೋಸ ಅನ್ನಿಸುವುದಿಲ್ಲ ನನಗೆ. ತೊಟ್ಟಿಯ ಫೋಟೊ ಅಂತ ಹೇಳಿಕೊಂಡರೆ ಸಾಕು. ನಾನು ಹೋದಾಗ ಅರ್ಧ ದಿನದಲ್ಲಿ ಇಲ್ಲಿ ಒಂದು ವರ್ಷಕ್ಕೆ ಸಿಗುವಷ್ಟು ಫೋಟೊ ಸಿಕ್ಕಿತು. ಮೂರನೇ ದಿನಕ್ಕೆ ಬೇಜಾರಾಗಿ ಒಗೆಯುವ ಕಲ್ಲು ನೆನಪಾಯಿತು.

ಹಕ್ಕಿ ಹಾಡ್ತಾ ಇದೆ ಅಂತ ಫೋಟೊದಲ್ಲಿ ಗೊತ್ತಾಗೋದು ಹೇಗೆ? ನನ್ನದರಲ್ಲಿ ಆಕಳಿಸೋ ಹಾಗಿರುತ್ತೆ.

ಬಾಯಿ ನೋಡಿ ಒತ್ತಿದರೆ ಆಕಳಿಕೆಯೇ ಬರುವುದು. ಗಂಟಲು ನೋಡಿ. ಮಡಿವಾಳ ಹಾಡುವಾಗ ಗಂಟಲಿನ ಕಪ್ಪು ಪುಕ್ಕ ಉಬ್ಬಿ ನಡುವೆ ಸೀಳು ಬಿಡುತ್ತದೆ, ಬಾಲ ಮೇಲಕ್ಕೆ ಸೆಟೆಯುತ್ತದೆ, ರೆಕ್ಕೆಗಳು ಸ್ವಲ್ಪ ಕೆಳಗೆ ಜಾರುತ್ತವೆ. ಈ ಮೂರೂ ಇದ್ದರೆ ಕೊಕ್ಕು ಅರ್ಧ ಮುಚ್ಚಿದ್ದರೂ ಹಾಡು ಕಾಣುತ್ತದೆ. ಅದರ ಹಾಡಿಗೆ ಒಂದು ಲಯ ಇದೆ. ಮೂರು ನಾಲ್ಕು ಸ್ವರದ ತುಣುಕು, ಚೂರು ಬಿಡುವು, ಮತ್ತೆ ತುಣುಕು. ಐದು ನಿಮಿಷ ಕಿವಿಗೊಟ್ಟರೆ ಮುಂದಿನದು ಯಾವಾಗ ಅಂತ ಬೆರಳಿಗೇ ಗೊತ್ತಾಗುತ್ತದೆ. ಪಕ್ಕದಿಂದ, ಹಿಂದೆ ಕತ್ತಲೆ ಇರುವಂತೆ ಕೂತರೆ ಕೊಕ್ಕಿನ ಒಳಗಿನ ನಾಲಗೆಯೂ ಕಾಣುತ್ತದೆ. ಹೋದ ಮೇ ತಿಂಗಳಲ್ಲಿ ಹಾಗೆ ತೆಗೆದ ಒಂದನ್ನು ಬಟ್ಟೆ ಒಗೆಯುವ ಅಜ್ಜಿಗೆ ಕ್ಯಾಮೆರಾದಲ್ಲೇ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಇದು ಸೇತುವೆ ಕಡೆಯದು ಕಣವ್ವ, ನಮ್ಮ ಕಲ್ಲಿನ ಹತ್ರದ್ದು ಅಲ್ಲ" ಅಂದರು.